ಮದುವೆ ಮನೆಯ "ನಾನ್ಯಾರು ಹೇಳು ನೋಡೋಣ" ಪರೀಕ್ಷೆ: ಮುಖ ಗೊತ್ತು, ಮನೆ ಗೊತ್ತು, ಹೆಸರು ಯಾಕೆ ಬರೋದಿಲ್ಲ?

ಒಗ್ಗರಣೆ (ಮೈಸೂರು)

ನಮ್ಮ ಕಡೆ ಮದುವೆಗಳಲ್ಲಿ ಹೇಳದೆ ಕೇಳದೆ ಒಂದು ಪರೀಕ್ಷೆ ನಡೆಯುತ್ತದೆ. ಊಟಕ್ಕೆ ಹೋಗುವ ದಾರಿಯಲ್ಲಿ ಯಾರೋ ಹಿರಿಯರು ಕೈ ಹಿಡಿದು ನಿಲ್ಲಿಸುತ್ತಾರೆ. "ಗುರುತು ಸಿಕ್ತೇನಮ್ಮಾ? ನಾನ್ಯಾರು ಹೇಳು ನೋಡೋಣ!" ಮುಖ ಗೊತ್ತು. ಅವರ ಮನೆ ಗೊತ್ತು, ಮನೆ ಮುಂದಿನ ಸಂಪಿಗೆ ಮರ ಗೊತ್ತು, ಮಗ ಬ್ಯಾಂಕಿನಲ್ಲಿದ್ದಾನೆ ಅನ್ನೋದೂ ಗೊತ್ತು. ಹೆಸರು ಮಾತ್ರ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಮಾವನವರು ಒಂದೇ ಕಥೆಯನ್ನು ಅದೇ ಜನಕ್ಕೆ ಮತ್ತೆ ಮತ್ತೆ ಹೇಳುತ್ತಾರೆ. ಯಜಮಾನರಿಗೂ ನನಗೂ "ನೀನು ಹಾಗೆ ಹೇಳಿದ್ದೆ", "ನಾನು ಹಾಗೆ ಹೇಳೇ ಇಲ್ಲ" ಅನ್ನುವ ಜಗಳ ಆಗಾಗ ಇದ್ದದ್ದೇ. ಇದೆಲ್ಲ ವಯಸ್ಸಿನ ದೋಷವೋ, ಮಾತುಕತೆಯ ಸ್ವಭಾವವೇ ಹೀಗೋ? ಓದಿಕೊಂಡವರು ಯಾರಾದರೂ ಇದ್ದರೆ ಹೇಳಿ. ಬಾದಾಮಿ ನೆನೆಸಿ ತಿನ್ನಿ, ಒಂದೆಲಗದ ಚಟ್ನಿ ತಿನ್ನಿ ಅಂತ ಮಾತ್ರ ಬರೆಯಬೇಡಿ. ಆ ಇಲಾಖೆ ನಮ್ಮಮ್ಮ ನೋಡಿಕೊಳ್ಳುತ್ತಿದ್ದಾರೆ.

ಬೆಣ್ಣೆದೋಸೆ (ದಾವಣಗೆರೆ)

ಮೇಡಂ, ಒಂದೆಲಗದ ಚಟ್ನಿಯನ್ನು ರುಚಿಗಾದರೂ ತಿನ್ನಿ, ನೆನಪಿನ ಮಾತು ಆಮೇಲೆ.

ಹೆಸರಿಗೆ ನನ್ನ ಉಪಾಯ ಇದು. "ಅಯ್ಯೋ, ನಿಮ್ಮನ್ನ ಮರೆಯೋಕಾಗುತ್ತಾ? ಮನೇಲೆಲ್ಲಾ ಹೇಗಿದ್ದಾರೆ?" ಅಂತ ಶುರು ಮಾಡಬೇಕು. ಎರಡು ನಿಮಿಷದಲ್ಲಿ ಅವರೇ ಏನಾದರೂ ಸುಳಿವು ಬಿಡುತ್ತಾರೆ. ಅದೂ ಆಗಲಿಲ್ಲ ಅಂದರೆ ಫೋನ್ ಅವರ ಕೈಗೆ ಕೊಟ್ಟು, "ನಿಮ್ಮ ನಂಬರ್ ನೀವೇ ಸೇವ್ ಮಾಡಿಬಿಡಿ, ನನ್ನ ಕನ್ನಡಕ ಒಳಗಿದೆ" ಅನ್ನಬೇಕು. ಒಮ್ಮೆ ಒಬ್ಬರು "ಅಣ್ಣ" ಅಂತಷ್ಟೇ ಸೇವ್ ಮಾಡಿಕೊಟ್ಟರು. ಅದಕ್ಕೆ ಮದ್ದಿಲ್ಲ.

ತುಂಗಾತೀರ (ಶಿವಮೊಗ್ಗ)

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಒಗ್ಗರಣೆಯವರೇ, ನಿಮ್ಮ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇದೆ.

1987ರಲ್ಲಿ ಬ್ರಿಟನ್ನಿನ ಕೆಲವು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಜನರಿಗೆ ಅಪರಿಚಿತರ ಮುಖ ತೋರಿಸಿ, ಪ್ರತಿ ಮುಖಕ್ಕೂ ಒಂದು ಹೆಸರು, ಒಂದು ಕಸುಬು ಕಲಿಸಿದರು. ಇಂಗ್ಲಿಷಿನಲ್ಲಿ ಬೇಕರ್, ಕುಕ್ ಅನ್ನುವ ಮನೆತನದ ಹೆಸರುಗಳಿವೆ. ಅವು ಕಸುಬುಗಳೂ ಹೌದು. ಒಂದು ಮುಖಕ್ಕೆ "ಇವರ ಹೆಸರು ಬೇಕರ್" ಅಂದರು, ಇನ್ನೊಂದಕ್ಕೆ "ಇವರು ಬ್ರೆಡ್ ಮಾಡುವ ಬೇಕರ್" ಅಂದರು. ಪದ ಅದೇ, ಸದ್ದೂ ಅದೇ. ಆದರೂ ಕಸುಬಾಗಿ ಕೇಳಿದಾಗ ಜಾಸ್ತಿ ನೆನಪಿತ್ತು, ಹೆಸರಾಗಿ ಕೇಳಿದಾಗ ಕಡಿಮೆ.

ಕಸುಬು ಅಂದ ಕೂಡಲೇ ಒಲೆ, ಹಿಟ್ಟು, ವಾಸನೆ, ಬೆಳಗಿನ ಅಂಗಡಿ ಎಲ್ಲ ಮನಸ್ಸಿಗೆ ಬರುತ್ತದೆ. ಅಷ್ಟು ಕಡೆಯಿಂದ ಆ ಪದಕ್ಕೆ ದಾರಿ ಇರುತ್ತದೆ. ಹೆಸರಿಗೆ ಅಂಥ ನಂಟು ಇಲ್ಲ, ಒಂದೇ ಸಣ್ಣ ಓಣಿ. ಆ ಓಣಿ ಮುಚ್ಚಿದರೆ ಮುಗಿಯಿತು. ನಿಮಗೆ ಸಂಪಿಗೆ ಮರ ನೆನಪಿರುವುದಕ್ಕೂ ಹೆಸರು ಬಾರದಿರುವುದಕ್ಕೂ ಇದೇ ಕಾರಣ. ಮರೆತರು ಅಂದರೆ ಅಸಡ್ಡೆ ಅಂತ ಅಲ್ಲ.

ಕಿತ್ತೂರ ಕಡೆಯವ

ಹಂಗಾದ್ರ ನಮ್ಮ ಕಡೆ ಬರ್ರೀ. ಬಡಿಗೇರ, ಕಂಬಾರ, ಪತ್ತಾರ, ಕುಲಕರ್ಣಿ, ಎಲ್ಲಾ ಅಡ್ಡಹೆಸರೂ ಕಸುಬೇ. ಅದೂ ಸಾಲದು ಅಂತ ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತಲೂ ಇದ್ದಾವೆ. ನಮ್ಮ ಆಫೀಸಿಗೆ ಬೆಂಗಳೂರಿನಿಂದ ಬಂದ ಸಾಹೇಬರು ಮೊದಲ ದಿನವೇ ಹಾಜರಿ ಪುಸ್ತಕ ನೋಡಿ ನಕ್ಕರು. ಆದರೆ ಆ ಹೆಸರುಗಳನ್ನು ಅವರು ವಾರದೊಳಗೇ ಕಲಿತರು. ಕುಮಾರ, ಮಂಜುನಾಥ, ರಮೇಶ ಅನ್ನುವವರನ್ನು ಕೊನೆತನಕ ಅದಲುಬದಲು ಮಾಡುತ್ತಿದ್ದರು.

ತುಂಗಾತೀರ

ಇದನ್ನು ನಾಳೆ ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ, ನಿಮ್ಮ ಅಪ್ಪಣೆ ಇದ್ದರೆ. ಇನ್ನೂ ಒಂದು ಮಾತು: ಹೆಸರನ್ನು ನಾವು ಮರೆಯುವುದಿಲ್ಲ, ಎಷ್ಟೋ ಸಲ ಅದು ಒಳಗೆ ಹೋಗಿರುವುದೇ ಇಲ್ಲ.

1973ರಲ್ಲಿ ಮಾಲ್ಕಮ್ ಬ್ರೆನ್ನರ್ ಅನ್ನುವವರು ಜನರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರೂ ಸರದಿಯ ಮೇಲೆ ಒಂದೊಂದು ಪದ ಗಟ್ಟಿಯಾಗಿ ಓದುವಂತೆ ಮಾಡಿದರು. ಆಮೇಲೆ ಕೇಳಿದ ಪದಗಳನ್ನು ಹೇಳಿ ಅಂದಾಗ, ಪ್ರತಿಯೊಬ್ಬರಿಗೂ ತಮ್ಮ ಸರದಿಗೆ ಸ್ವಲ್ಪ ಮುಂಚೆ ಬಂದ ಪದಗಳೇ ಕಡಿಮೆ ನೆನಪಿದ್ದವು. "ಈಗ ನನ್ನ ಸರದಿ" ಅನ್ನುವ ಯೋಚನೆ ಕಿವಿಯನ್ನು ಮುಚ್ಚಿಬಿಡುತ್ತದೆ. ಮೀಟಿಂಗಿನಲ್ಲಿ ಎಲ್ಲರೂ ಪರಿಚಯ ಹೇಳಿಕೊಳ್ಳುವಾಗ ನಿಮ್ಮ ಹಿಂದಿನವರ ಹೆಸರು ಏನು ಅಂತ ಯೋಚಿಸಿ ನೋಡಿ.

ಹೊಸಬರ ಪರಿಚಯವೂ ಹೀಗೇ. ಅವರು ಹೆಸರು ಹೇಳುವ ಹೊತ್ತಿಗೆ ನಾವು ನಮಸ್ಕಾರ ಮಾಡಬೇಕೋ ಕೈ ಕುಲುಕಬೇಕೋ, ನಮ್ಮ ಹೆಸರು ಯಾವಾಗ ಹೇಳಬೇಕು ಅಂತ ಲೆಕ್ಕ ಹಾಕುತ್ತಿರುತ್ತೇವೆ.

ಸಂಜೆಯ ವಾಕಿಂಗ್ (ಹಾಸನ)

ವಿಜ್ಞಾನ ಸರಿ. ಆದರೆ ನಮ್ಮ ಸಮಾಜದಲ್ಲಿ ಹೆಸರಿನ ಅಭ್ಯಾಸವೇ ಕಡಿಮೆ, ಅದನ್ನೂ ಸೇರಿಸಿ. ನಾನು ಹುಟ್ಟಿದಾಗಿನಿಂದ "ಬೇಲೂರು ಅತ್ತೆ", "ಮೂಲೆಮನೆ ದೊಡ್ಡಪ್ಪ", "ಪೋಸ್ಟಾಫೀಸ್ ಮಾವ" ಅಂತಲೇ ಕರೆದುಕೊಂಡು ಬಂದವನು. ಬೇಲೂರು ಅತ್ತೆಯ ಹೆಸರು ಜಯಲಕ್ಷ್ಮಿ ಅಂತ ನನಗೆ ಗೊತ್ತಾಗಿದ್ದು ಅವರ ಮಗನ ಮದುವೆಯ ಲಗ್ನಪತ್ರಿಕೆ ನೋಡಿದಾಗ. ಅಂಗಡಿಯಲ್ಲಿ ಅಣ್ಣಾ, ಬಸ್ಸಿನಲ್ಲಿ ಅಕ್ಕಾ, ಶಾಲೆಯಲ್ಲಿ ಮೇಷ್ಟ್ರೇ. ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಜೀವನ ಸಾಗಿಸಿದ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದರು. ಹೀಗೆ ಬೆಳೆದವರನ್ನು ಮದುವೆ ಮನೆಯಲ್ಲಿ ಹಿಡಿದು ಹೆಸರು ಕೇಳುವುದು ಅನ್ಯಾಯ.

ತುಂಗಾತೀರ

ಸರ್, ಇದು ತುಂಬ ಸರಿಯಾದ ಮಾತು. ಒಂದು ಸಂಗತಿಯನ್ನು ಮತ್ತೆ ಮತ್ತೆ ಕೇಳುವುದಕ್ಕಿಂತ, ಮತ್ತೆ ಮತ್ತೆ ನೆನಪಿನಿಂದ ಹೊರಗೆ ತೆಗೆದರೆ ಅದು ಗಟ್ಟಿಯಾಗುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನು ತೋರಿಸಿದರು. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು. ನಾವು "ಅತ್ತೆ" ಅಂತ ಕರೆದಾಗಲೆಲ್ಲ ಸಂಬಂಧವನ್ನು ಹೊರಗೆ ತೆಗೆದ ಹಾಗೆ. ಹೆಸರು ತೆಗೆಯುವ ಸಂದರ್ಭವೇ ಬರುವುದಿಲ್ಲ.

ಇನ್ನೊಂದು ರೀತಿ ನೋಡಿದರೆ "ಬೇಲೂರು ಅತ್ತೆ" ಬಹಳ ಜಾಣ ಹೆಸರು. ಊರು, ಸಂಬಂಧ ಎರಡೂ ಅದರಲ್ಲೇ ಇದೆ. ನೆನಪಿಗೆ ಬೇಕಾದ ಕೊಕ್ಕೆ ಮೊದಲೇ ಹಾಕಿಟ್ಟಿದ್ದಾರೆ.

ಬೆಣ್ಣೆದೋಸೆ

ಅತ್ತೆ ಬೇಲೂರು ಬಿಟ್ಟು ಬೆಂಗಳೂರಿಗೆ ಬಂದು ಎಷ್ಟೋ ವರ್ಷ ಆದರೂ ಬೇಲೂರು ಅತ್ತೆಯೇ. ಅಡ್ರೆಸ್ ಬದಲಾದರೂ ಆಧಾರ್ ಅಪ್‌ಡೇಟ್ ಮಾಡಿಸದವರ ಹಾಗೆ.

ಮಲ್ಲಿಗೆ ದಂಡೆ (ಬೆಂಗಳೂರು)

ಎರಡನೇ ಪ್ರಶ್ನೆಗೆ ಬನ್ನಿ. ಹೇಳಿದ್ದೇ ಹೇಳುವುದು. ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, ಮೂವತ್ತೈದು ವಯಸ್ಸೂ ಇಲ್ಲ. ಗೋವಾದಲ್ಲಿ ಅವರ ಬೈಕ್ ಕಳುವಾದ ಕಥೆ ಇಡೀ ಮಹಡಿಗೆ ಬಾಯಿಪಾಠ. ಹಾಗಾಗಿ ಇದು ಬರೀ ವಯಸ್ಸಿನ ವಿಷಯ ಅಲ್ಲ ಅಂತ ನನ್ನ ಅನಿಸಿಕೆ.

ತುಂಗಾತೀರ

ಬರೀ ವಯಸ್ಸಿನದಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಗೋಪಿ ಮತ್ತು ಮೆಕ್ಲಿಯಡ್ 2009ರಲ್ಲಿ ಸರಿಯಾಗಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿನವರು ಪ್ರಸಿದ್ಧ ವ್ಯಕ್ತಿಗಳ ಫೋಟೋಗಳಿಗೆ ಒಂದೊಂದು ವಿಷಯ ಹೇಳಬೇಕು. ಇನ್ನೊಂದು ಗುಂಪಿನವರು ಆ ಫೋಟೋಗಳಿಂದ ವಿಷಯ ತಿಳಿದುಕೊಳ್ಳಬೇಕು. ಆಮೇಲೆ ಕೇಳಿದರು: ಯಾವ ವಿಷಯ ಯಾರಿಗೆ ಹೇಳಿದಿರಿ? ಯಾವ ವಿಷಯ ಯಾರಿಂದ ಬಂತು? "ಯಾರು ಹೇಳಿದರು" ಅನ್ನುವುದು ಚೆನ್ನಾಗಿ ನೆನಪಿತ್ತು. "ಯಾರಿಗೆ ಹೇಳಿದೆ" ಅನ್ನುವುದು ಅಷ್ಟು ನೆನಪಿರಲಿಲ್ಲ.

ಹೇಳುವಾಗ ಗಮನವೆಲ್ಲ ಒಳಗಿರುತ್ತದೆ. ಮುಂದೇನು, ಯಾವ ಮಾತು, ಎಲ್ಲಿ ನಗಿಸಬೇಕು. ಎದುರಿಗಿರುವ ಮುಖಕ್ಕೆ ಉಳಿಯುವುದು ಸ್ವಲ್ಪವೇ. ತಮ್ಮ ಬಗ್ಗೆಯೇ ವಿಷಯ ಹೇಳಿದವರಿಗೆ ಇದು ಇನ್ನೂ ಕೆಟ್ಟಿತ್ತು. ಅಂದರೆ ಸ್ವಂತ ಕಥೆಯನ್ನು ಮನಸ್ಸಿಟ್ಟು ಹೇಳುವವರೇ ಯಾರಿಗೆ ಹೇಳಿದೆ ಅನ್ನುವುದನ್ನು ಹೆಚ್ಚು ಮರೆಯುತ್ತಾರೆ. ವಯಸ್ಸಾದವರಲ್ಲಿ ಇದು ಜಾಸ್ತಿ ಅಂತ ಮರುವರ್ಷದ ಅಧ್ಯಯನವೊಂದು ತೋರಿಸಿತು. ಆದರೆ ಎಳೆಯರಲ್ಲೂ ಇದ್ದೇ ಇದೆ, ಗೋವಾ ಬೈಕ್ ಸಾಕ್ಷಿ.

ಕಡಿಮೆ ಮಾಡಿಕೊಳ್ಳಬೇಕು ಅಂದರೆ ಒಂದು ದಾರಿ ಇದೆ. ಹೇಳುವಾಗ ಎದುರಿನವರ ಹೆಸರನ್ನೋ ಸಂಬಂಧವನ್ನೋ ನಡುನಡುವೆ ಸೇರಿಸಿ. "ಕೇಳು ರಾಧಾ", "ಆಮೇಲೇನಾಯ್ತು ಅಂದರೆ ಅಕ್ಕಾ". ಗಮನ ಅವರ ಕಡೆ ತಿರುಗುತ್ತದೆ.

ಸಂಜೆಯ ವಾಕಿಂಗ್

ನಾನು ಒಪ್ಪುವುದಿಲ್ಲ. ಅರ್ಧ ಒಪ್ಪುತ್ತೇನೆ ಅಂತಿಟ್ಟುಕೊಳ್ಳಿ. ನನಗೆ ಎಪ್ಪತ್ತು ದಾಟಿದೆ. ನಮ್ಮ ಪಾರ್ಕಿನ ಬೆಂಚಿನಲ್ಲಿ ಎಲ್ಲರ ಕಥೆಯೂ ಎಲ್ಲರಿಗೂ ಗೊತ್ತು. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. 1980ರ ದಶಕದ ಟ್ರಾನ್ಸ್‌ಫರ್ ಕಥೆ ಹೇಳುವಾಗ ಗೆಳೆಯ ಒಂದು ಕಡೆ ತಪ್ಪಿದರೆ ನಾವೇ ತಿದ್ದುತ್ತೇವೆ. ಅದು ಮರೆವು ಅಲ್ಲ ಸ್ವಾಮೀ, ಕಾಲಕ್ಷೇಪ. ಯಕ್ಷಗಾನದ ಒಂದೇ ಪ್ರಸಂಗವನ್ನು ಜನ ರಾತ್ರಿಯಿಡೀ ಕೂತು ನೋಡುವುದಿಲ್ಲವಾ? ಮುಂದೇನು ಅಂತ ಗೊತ್ತಿಲ್ಲದೆ ನೋಡುತ್ತಾರಾ?

ಮನೆಯ ಹುಡುಗರು "ತಾತಾ, ಇದು ಹೇಳಿದೀರಿ" ಅಂದಾಗ ನಾನು ನಿಲ್ಲಿಸುತ್ತೇನೆ. ಆದರೆ ನನಗೆ ಹೇಳಿದ್ದು ನೆನಪಿಲ್ಲ ಅಂತ ಅವರು ತಿಳಿದುಕೊಂಡರೆ ಅದು ಅವರ ತಪ್ಪು ಲೆಕ್ಕ.

ಒಗ್ಗರಣೆ

ಸರ್, ಇದನ್ನು ಓದಿ ನಮ್ಮ ಮಾವನವರನ್ನು ನೋಡುವ ರೀತಿಯೇ ಬೇರೆ ಆಯಿತು. ಅವರ ಭದ್ರಾ ಅಣೆಕಟ್ಟಿನ ಕಥೆಯಲ್ಲಿ ಪ್ರತಿ ಸಲ ಇಂಜಿನಿಯರ್ ಇನ್ನಷ್ಟು ದಪ್ಪ ಆಗುತ್ತಾನೆ. ಅದು ಮರೆವೋ ಕಲೆಯೋ ಈಗ ಗೊತ್ತಾಗುತ್ತಿಲ್ಲ.

ತುಂಗಾತೀರ

ಎರಡೂ ಇರಬಹುದು. ಕೇಳುವವರಿಗೆ ತಕ್ಕಂತೆ ಕಥೆ ತಿದ್ದುವುದು ಎಲ್ಲರೂ ಮಾಡುವ ಕೆಲಸ. ತಮಾಷೆ ಏನೆಂದರೆ, ತಿದ್ದಿದ್ದು ಕೊನೆಗೆ ನಮ್ಮದೇ ನೆನಪಾಗಿಬಿಡುತ್ತದೆ. ಹಿಗ್ಗಿನ್ಸ್ ಮತ್ತು ರೋಲ್ಸ್ 1978ರಲ್ಲಿ ಇದನ್ನು ತೋರಿಸಿದರು. ಒಬ್ಬ ವ್ಯಕ್ತಿಯ ಬಗ್ಗೆ ಒಂದು ಪುಟ ಓದಲು ಕೊಟ್ಟು, ಅವನನ್ನು ಇನ್ನೊಬ್ಬರಿಗೆ ವರ್ಣಿಸಿ ಅಂದರು. ಕೇಳುವವರಿಗೆ ಅವನು ಇಷ್ಟ ಅಂತ ಗೊತ್ತಿದ್ದವರು ಒಳ್ಳೆಯದಾಗಿ ವರ್ಣಿಸಿದರು, ಇಷ್ಟವಿಲ್ಲ ಅಂತ ಗೊತ್ತಿದ್ದವರು ಕೆಟ್ಟದಾಗಿ. ಆಮೇಲೆ ಮೂಲದಲ್ಲಿ ಏನಿತ್ತು ಅಂತ ಕೇಳಿದಾಗ, ಅವರ ನೆನಪೂ ಅವರು ಹೇಳಿದ ಕಡೆಗೇ ವಾಲಿತ್ತು.

ಅತ್ತೆ ಮನೆಯ ಜಗಳವನ್ನು ತವರಿನಲ್ಲಿ ಹೇಳುವಾಗ ಒಂದು ರೀತಿ, ಗೆಳತಿಗೆ ಹೇಳುವಾಗ ಇನ್ನೊಂದು ರೀತಿ. ಹತ್ತು ಸಲ ತವರಿನಲ್ಲೇ ಹೇಳಿದರೆ ಕೊನೆಗೆ ಉಳಿಯುವುದು ತವರಿನ ಆವೃತ್ತಿ.

ಮಲ್ಲಿಗೆ ದಂಡೆ

ಅದಕ್ಕೇ ಗಂಡ ಹೆಂಡತಿ ಜಗಳ ಮುಗಿಯುವುದಿಲ್ಲ. ಇಬ್ಬರ ಹತ್ತಿರವೂ ಬೇರೆ ಬೇರೆ ಆವೃತ್ತಿ, ಇಬ್ಬರೂ ಸತ್ಯವಂತರು. ಆದರೆ ನನ್ನ ಪ್ರಶ್ನೆ ಇದು. ಮಾವಿನಹಣ್ಣು ತಗೊಂಡು ಬಾ ಅಂತ ಬೆಳಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ. "ನಿಮ್ಮಮ್ಮ ಕಲಿಸಲಿಲ್ವಾ" ಅಂತ ಇಪ್ಪತ್ತು ವರ್ಷದ ಹಿಂದೆ ಯಾರೋ ಹೇಳಿದ್ದು ಅಕ್ಷರ ಬಿಡದೆ ನೆನಪಿರುತ್ತದೆ. ಯಾಕೆ?

ತುಂಗಾತೀರ

ಮಾವಿನಹಣ್ಣಿನದು ಬೇರೆ. ಅಲ್ಲಿ ಮಾತು ನೆನಪಿದ್ದರೂ ಸರಿಯಾದ ಹೊತ್ತಿಗೆ ಅದು ತಾನಾಗಿ ಎಚ್ಚರಿಸಬೇಕು. ಹಣ್ಣಿನ ಅಂಗಡಿ ಕಂಡರೆ ನೆನಪಾಗಬಹುದು, ಬೇರೆ ದಾರಿಯಲ್ಲಿ ಬಂದರೆ ಹೋಯಿತು. "ಮಾವಿನಹಣ್ಣು ತಗೊಂಡು ಬಾ" ಅನ್ನುವ ಬದಲು "ಮೆಟ್ರೋ ಇಳಿದ ಕೂಡಲೇ ಮಾವಿನಹಣ್ಣು" ಅಂದರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ.

ಚುಚ್ಚುಮಾತಿನ ವಿಷಯ ಸ್ವಾರಸ್ಯದ್ದು. ಸಾಮಾನ್ಯವಾಗಿ ನಾವು ಕೇಳಿದ ವಾಕ್ಯದ ಅರ್ಥ ಇಟ್ಟುಕೊಂಡು ಪದಗಳನ್ನು ಬಿಟ್ಟುಬಿಡುತ್ತೇವೆ. ಜಾಕ್ವೆಲಿನ್ ಸ್ಯಾಕ್ಸ್ 1967ರಲ್ಲೇ ಇದನ್ನು ತೋರಿಸಿದರು. ವಾಕ್ಯ ಕೇಳಿ ಇನ್ನೂ ಸ್ವಲ್ಪ ಹೊತ್ತಾಗಿರುತ್ತದೆ ಅಷ್ಟೇ, ಪದಗಳ ಜೋಡಣೆ ಬದಲಿಸಿದರೆ ಜನರಿಗೆ ಗೊತ್ತಾಗುವುದಿಲ್ಲ, ಅರ್ಥ ಬದಲಿಸಿದರೆ ಮಾತ್ರ ಗೊತ್ತಾಗುತ್ತದೆ. ಆದರೆ 1977ರಲ್ಲಿ ಕೀನನ್, ಮೆಕ್‌ವಿನ್ನಿ, ಮೇಹ್ಯೂ ಅನ್ನುವ ಮೂವರು ಪ್ರಯೋಗಾಲಯದ ವಾಕ್ಯ ಬಿಟ್ಟು, ನಿಜವಾದ ಊಟದ ಹೊತ್ತಿನ ಚರ್ಚೆಯೊಂದನ್ನು ರೆಕಾರ್ಡ್ ಮಾಡಿದರು. ಒಂದು ದಿನ ಕಳೆದ ಮೇಲೆ ಪರೀಕ್ಷಿಸಿದಾಗ ಕೆಲವು ವಾಕ್ಯಗಳು ಪದಪದವಾಗಿಯೇ ಉಳಿದಿದ್ದವು. ಯಾವುವು? ತಮಾಷೆ, ಕುಟುಕು, ಒಬ್ಬರ ಮೇಲೆ ಒಬ್ಬರ ಅಭಿಪ್ರಾಯ ತೋರಿಸುವಂಥವು. ವಿಷಯ ಮಾತ್ರ ತಿಳಿಸುವ ವಾಕ್ಯಗಳ ಪದಗಳು ಹೋಗಿದ್ದವು.

"ನಿಮ್ಮಮ್ಮ ಕಲಿಸಲಿಲ್ವಾ" ಅನ್ನುವುದರಲ್ಲಿ ಅಡುಗೆಯ ಮಾಹಿತಿ ಏನೂ ಇಲ್ಲ. ನಿಮ್ಮನ್ನು ಅವರು ಎಲ್ಲಿ ಇಟ್ಟಿದ್ದಾರೆ ಅನ್ನುವುದಿದೆ. ಅಲ್ಲಿ ಪದವೇ ಏಟು. ಅದಕ್ಕೇ ಪದ ಉಳಿಯುತ್ತದೆ.

ಕಿತ್ತೂರ ಕಡೆಯವ

ಹೌದ್ರೀ. ನಮ್ಮಜ್ಜಿ ಅಕ್ಷರ ಬಾರದಾಕಿ. ಆದರೆ ಅವಳ ಭಾವ ಹೊಲ ಪಾಲು ಮಾಡುವಾಗ ಅಂದ ಮಾತನ್ನು ಕೊನೆತನಕ ಅವನ ದನಿಯಲ್ಲೇ ಅಂದು ತೋರಿಸುತ್ತಿದ್ದಳು. ಹೊಲ ಎಷ್ಟು ಗುಂಟೆ ಬಂತು ಅಂತ ಕೇಳಿದರೆ, "ಕಾಗದ ನೋಡು" ಅನ್ನುತ್ತಿದ್ದಳು.

ಪಡುವಣ ಗಾಳಿ (ಉಡುಪಿ)

ಸ್ವಲ್ಪ ಅಡ್ಡ ಮಾತು, ಕ್ಷಮೆ ಇರಲಿ. ಪಾಲಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ದೊಡ್ಡ ಕುಟುಂಬ ಹೇಗೆ ಒಡೆಯಿತು ಅಂತ ಕೇಳಿದರೆ ಆ ಕಾಲದ ಕಂಬಳ, ಹಬ್ಬ, ಹಲಸಿನಹಣ್ಣಿನ ಕಥೆಗಳೇ ಬರುತ್ತವೆ. ಈಗ ಕೇಳಿದರೆ ನಿಜವಾಗಿಯೂ ಯಾರಿಗೂ ನೆನಪಿಲ್ಲ. ಮುಚ್ಚಿಡುತ್ತಿದ್ದಾರೆ ಅಂತ ನನಗೆ ಅನಿಸುವುದಿಲ್ಲ.

ತುಂಗಾತೀರ

ಅಡ್ಡ ಮಾತೇನಲ್ಲ, ನನಗೆ ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಅನಿಸುತ್ತದೆ. ಕುಕ್, ಕೊಪ್ಪೆಲ್, ಹರ್ಸ್ಟ್ ಅನ್ನುವವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಬ್ಬರಿಗೂ ಒಂದೇ ವಿಷಯ ಗೊತ್ತು. ಒಬ್ಬರು ಅದರಲ್ಲಿ ಕೆಲವನ್ನು ಮಾತ್ರ ಹೇಳುತ್ತಾರೆ. ಹೇಳಿದ್ದು ಇಬ್ಬರಿಗೂ ಗಟ್ಟಿಯಾಗುತ್ತದೆ, ಅದು ಸಹಜ. ಆದರೆ ಅದಕ್ಕೆ ಹತ್ತಿರದ, ಹೇಳದೆ ಬಿಟ್ಟ ವಿಷಯ ಇಬ್ಬರಿಗೂ ಮಸುಕಾಗುತ್ತದೆ. ಹೇಳಿದವರಿಗೆ ಮಾತ್ರವಲ್ಲ, ಸುಮ್ನೆ ಕೇಳುತ್ತಾ ಕೂತವರಿಗೂ. ಆ ವಿಷಯದ ಸುತ್ತ ಏನನ್ನೂ ಎತ್ತದೇ ಇದ್ದಿದ್ದರೆ ಅಷ್ಟು ಮಸುಕಾಗುತ್ತಿರಲಿಲ್ಲ, ಸುತ್ತಮುತ್ತ ಮಾತಾಡಿ ಅದೊಂದನ್ನು ಬಿಟ್ಟಾಗ ಹೀಗಾಗುತ್ತದೆ.

ನಿಮ್ಮ ಮನೆಯಲ್ಲಿ ಹಲಸಿನಹಣ್ಣಿನ ಕಥೆ ಹೇಳಿದಾಗಲೆಲ್ಲ ಪಾಲಿನ ಕಥೆ ಸ್ವಲ್ಪ ಸ್ವಲ್ಪ ಹಿಂದೆ ಸರಿದಿರಬಹುದು. ಯಾರೂ ಸುಳ್ಳು ಹೇಳಬೇಕಿಲ್ಲ. ಪ್ರಯೋಗಾಲಯದ ಅಳತೆ ಸಣ್ಣದು, ಒಂದು ಕುಟುಂಬದ ಅರವತ್ತು ವರ್ಷಕ್ಕೆ ಅದನ್ನು ಹಾಗೇ ಹಚ್ಚಲಾಗದು. ಆದರೂ ದಿಕ್ಕು ಅದೇ ಇರಬೇಕು ಅಂತ ನನ್ನ ಊಹೆ.

ಮಲ್ಲಿಗೆ ದಂಡೆ

ಓದಿ ಮೈ ಜುಮ್ ಅಂತು.

ಬೆಣ್ಣೆದೋಸೆ

ಎಲ್ಲ ಹೀಗೆ ಬದಲಾಗುತ್ತೆ ಅಂದರೆ ಒಪ್ಪಲ್ಲ ಗುರುಗಳೇ. ಅಪ್ಪು ಹೋದ ದಿನ, 2021ರ ಅಕ್ಟೋಬರ್ 29, ನಾನು ಎಲ್ಲಿದ್ದೆ, ಯಾರು ಹೇಳಿದರು, ಯಾವ ಅಂಗಿ ಹಾಕಿದ್ದೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಇದು ಹೇಗೆ ತಪ್ಪಾಗುತ್ತೆ?

ತುಂಗಾತೀರ

ಆ ದಿನದ ನೋವು ತಪ್ಪಾಗುವುದಿಲ್ಲ. ಅಂಗಿಯ ಬಗ್ಗೆ ನಾನು ಬಾಜಿ ಕಟ್ಟುವುದಿಲ್ಲ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಆಕಾಶದಲ್ಲೇ ಸ್ಫೋಟವಾಯಿತು. ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ಮರುದಿನವೇ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಹೇಗೆ ಗೊತ್ತಾಯಿತು, ಎಲ್ಲಿದ್ದಿರಿ, ಯಾರಿದ್ದರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಮತ್ತೆ ಅದೇ ಪ್ರಶ್ನೆ ಕೇಳಿದರು. 11 ಮಂದಿಯ ಉತ್ತರ ಪೂರ್ತಿ ಬೇರೆಯಾಗಿತ್ತು. ಆದರೂ ಬಹಳ ಜನರಿಗೆ ತಮ್ಮ ನೆನಪಿನ ಮೇಲೆ ಗಟ್ಟಿ ನಂಬಿಕೆ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ಇಂಥ ಸುದ್ದಿಯನ್ನು ನಾವು ಎಷ್ಟೋ ಜನರೊಂದಿಗೆ ಹಂಚಿಕೊಳ್ಳುತ್ತೇವೆ, ಟಿವಿಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಗೆಳೆಯನಿಂದ ಕೇಳಿದ್ದು, ಟಿವಿಯಲ್ಲಿ ಕಂಡಿದ್ದು ಒಂದರೊಳಗೆ ಒಂದು ಸೇರಿಹೋಗುತ್ತದೆ.

ಬೆಣ್ಣೆದೋಸೆ

ನೀಲಿ ಅಂಗಿ. ಫೋಟೋ ಇದೆ. ಹುಡುಕಿ ಹಾಕುತ್ತೇನೆ.

ಪಡುವಣ ಗಾಳಿ

ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಒಂದು ವಿಷಯ ಇಲ್ಲಿ ಬರಲೇಬೇಕು. ಹೆಸರು ಮರೆಯುವುದು, ಕಥೆ ಮತ್ತೆ ಹೇಳುವುದು ಎಲ್ಲ ಸರಿ. ಆದರೆ ಕೇಳಿದ ಪ್ರಶ್ನೆಯನ್ನೇ ಐದು ನಿಮಿಷಕ್ಕೆ ಮತ್ತೆ ಕೇಳುವುದು, ಉತ್ತರ ಸಿಕ್ಕಿದ್ದೇ ಗೊತ್ತಿಲ್ಲದಿರುವುದು, ದಿನಾ ಹೋಗುವ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಕೈತಪ್ಪುವುದು, ಮಾಡುತ್ತಿದ್ದ ಅಡುಗೆಯ ಕ್ರಮವೇ ಬಿಟ್ಟುಹೋಗುವುದು ಕಂಡರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ.

ಕಿವಿಯನ್ನೂ ನೋಡಿಸಿ. "ಹೇಳಿದ್ದು ಅಪ್ಪನಿಗೆ ನೆನಪೇ ಇರೋದಿಲ್ಲ" ಅಂತ ಮಕ್ಕಳು ದೂರುತ್ತಾರೆ. ಎಷ್ಟೋ ಸಲ ಅಪ್ಪನಿಗೆ ಅದು ಕೇಳಿಸಿರುವುದೇ ಇಲ್ಲ. ಮರ್ಯಾದೆಗೆ ತಲೆ ಆಡಿಸಿರುತ್ತಾರೆ.

ಮರೆವಿನ ಕಾಯಿಲೆ ಇರುವವರ ಮುಂದೆ ಮಾತ್ರ "ನಾನ್ಯಾರು ಹೇಳು" ಅಂತ ದಯವಿಟ್ಟು ಕೇಳಬೇಡಿ. ನೋಡಲು ಬಂದ ನೆಂಟರು ಸಾಲಾಗಿ ನಿಂತು ಇದನ್ನೇ ಕೇಳುತ್ತಾರೆ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ ಎಷ್ಟು ಹೆದರಿದ್ದಾರೆ ಅಂತ. "ಅಜ್ಜೀ, ನಾನು ಕುಂದಾಪುರದ ಸುಧಾ, ನಿಮ್ಮ ತಂಗಿ ಮಗಳು" ಅಂತ ನೀವೇ ಹೇಳಿ ಪಕ್ಕದಲ್ಲಿ ಕೂತುಕೊಳ್ಳಿ. "ಬೆಳಗ್ಗೆ ಏನು ತಿಂಡಿ ತಿಂದ್ರಿ" ಅನ್ನುವುದೂ ಅವರಿಗೆ ಕಷ್ಟದ ಪ್ರಶ್ನೆ. ಹಳೆಯ ಹಾಡು, ಹಳೆಯ ಊರು ಎತ್ತಿದರೆ ಮಾತು ಬರುತ್ತದೆ.

ಹಿತ್ತಲ ಪಾರಿಜಾತ (ತುಮಕೂರು)

ಪಡುವಣ ಗಾಳಿಯವರ ಪಟ್ಟಿ ಓದಿ ಒಂದು ಕೇಳಬೇಕು ಅನಿಸಿತು. ಅಪ್ಪ ಹೋದ ವರ್ಷ ತೀರಿಕೊಂಡರು. ಆಮೇಲೆ ಅಮ್ಮ ತುಂಬ ಮರೆಯುತ್ತಾರೆ. ಎಲ್‌ಐಸಿ ಕಂತು, ಗ್ಯಾಸ್ ಬುಕ್ ಮಾಡುವುದು, ಯಾವ ನೆಂಟರಿಗೆ ಯಾವ ಕಾಯಿಲೆ. ಡಾಕ್ಟರಿಗೆ ತೋರಿಸಿದೆವು, ರಕ್ತ ಪರೀಕ್ಷೆ ಸರಿ ಇದೆ, ನೆನಪಿನ ಪರೀಕ್ಷೆಯಲ್ಲೂ ತೊಂದರೆ ಇಲ್ಲ ಅಂದರು. ಹಾಗಾದರೆ ಏನು?

ತುಂಗಾತೀರ

ನಿಮ್ಮ ಅಪ್ಪನ ವಿಷಯ ಕೇಳಿ ಬೇಸರವಾಯಿತು. ದುಃಖವೂ ಗಮನವನ್ನು ತಿನ್ನುತ್ತದೆ, ಅದು ಒಂದು. ಇನ್ನೊಂದಿದೆ. ನೀವು ಬರೆದ ಪಟ್ಟಿ ನೋಡಿ. ಎಲ್‌ಐಸಿ, ಗ್ಯಾಸ್, ಇವೆಲ್ಲ ಅಪ್ಪ ನೋಡಿಕೊಳ್ಳುತ್ತಿದ್ದ ಕೆಲಸಗಳೇ ಅಲ್ವಾ?

ಡೇನಿಯಲ್ ವೆಗ್ನರ್ 1985ರಲ್ಲಿ ಮುಂದಿಟ್ಟ ವಿಚಾರ ಇದು. ಜೊತೆಗಿರುವ ಜನ ನೆನಪನ್ನು ಹಂಚಿಕೊಳ್ಳುತ್ತಾರೆ. ಎಲ್ಲವನ್ನೂ ಇಬ್ಬರೂ ಇಟ್ಟುಕೊಳ್ಳುವುದಿಲ್ಲ. ಯಾವುದು ಯಾರಿಗೆ ಗೊತ್ತು ಅನ್ನುವುದನ್ನು ಇಟ್ಟುಕೊಂಡರೆ ಸಾಕು. ಕಂತು ಅವರಿಗೆ, ನೆಂಟರ ಹುಟ್ಟುಹಬ್ಬ ಇವರಿಗೆ. ಯಾರೂ ಕೂತು ಒಪ್ಪಂದ ಮಾಡಿಕೊಂಡಿದ್ದಲ್ಲ. 1991ರಲ್ಲಿ ಅವರು ಜೋಡಿಗಳ ಮೇಲೆ ಪ್ರಯೋಗವನ್ನೂ ಮಾಡಿದರು. ಜೊತೆಗಿದ್ದು ಅಭ್ಯಾಸವಿದ್ದ ಜೋಡಿಗಳು ಅಪರಿಚಿತ ಜೋಡಿಗಳಿಗಿಂತ ಜಾಸ್ತಿ ನೆನಪಿಟ್ಟರು. ಆದರೆ "ನೀನು ಇದನ್ನು ನೆನಪಿಡು, ಅವರು ಅದನ್ನು" ಅಂತ ಹೊರಗಿನವರು ಹಂಚಿಕೊಟ್ಟಾಗ ಹಳೆಯ ಜೋಡಿಗಳೇ ಸೋತರು. ಅವರ ಒಳಗಿನ ಏರ್ಪಾಡು ಕೆಟ್ಟಿತು.

ನಿಮ್ಮ ಅಮ್ಮನ ನೆನಪು ಕಡಿಮೆಯಾಗಿಲ್ಲದಿರಬಹುದು. ಅಪ್ಪನ ಹತ್ತಿರ ಇಟ್ಟ ಭಾಗ ಹೋಗಿದೆ. ಜೊತೆಗೆ, ಅಮ್ಮ "ಅದೇ ಆ ತಿಪಟೂರಿನವರು..." ಅಂದಾಗ ಮುಂದಿನದನ್ನು ಎತ್ತಿಕೊಡುವ ಬಾಯಿಯೂ ಇಲ್ಲ. ಆಸ್ಟ್ರೇಲಿಯಾದಲ್ಲಿ ದಶಕಗಳ ಕಾಲ ಜೊತೆಗಿದ್ದ ಹಿರಿಯ ದಂಪತಿಗಳ ಮಾತನ್ನು ಅಧ್ಯಯನ ಮಾಡಿದಾಗ ಕಂಡಿದ್ದೂ ಇದೇ. ಕೆಲವು ಜೋಡಿಗಳಲ್ಲಿ ಇಬ್ಬರಿಗೂ ಬಾರದ ಹೆಸರು, ಒಬ್ಬರಿಗೊಬ್ಬರು ಸುಳಿವು ಕೊಡುತ್ತಾ ಕೊಡುತ್ತಾ ಬಂದುಬಿಡುತ್ತಿತ್ತು.

ಹಿತ್ತಲ ಪಾರಿಜಾತ

ಎಲ್ಲವೂ ಅಪ್ಪನದೇ. ನೆಂಟರ ಕಾಯಿಲೆ ಕೂಡ, ಫೋನ್ ಮಾಡುತ್ತಿದ್ದವರು ಅವರೇ. ನಾನು ಇದನ್ನು ಹೀಗೆ ಯೋಚಿಸಿರಲಿಲ್ಲ. ಥ್ಯಾಂಕ್ಸ್.

ಸಂಜೆಯ ವಾಕಿಂಗ್

ಪಾರಿಜಾತ ಅವರೇ, ಒಂದು ಸಲಹೆ. ಅಮ್ಮನಿಗೆ "ಮರೆತ್ರಾ?" ಅನ್ನಬೇಡಿ. ಒಂದು ನೋಟ್‌ಬುಕ್ ಕೊಡಿ. ನಮ್ಮ ಮನೆಯಾಕೆ ಹೋದಾಗ ಬೀರುವಿನಲ್ಲಿ ಮುಯ್ಯಿ ಪುಸ್ತಕ ಸಿಕ್ಕಿತು. ನಮ್ಮ ಮಗಳ ಮದುವೆಗೆ ಯಾರು ಎಷ್ಟು ಹಾಕಿದರು, ನಾವು ಯಾರ ಮನೆಗೆ ಎಷ್ಟು ಹಾಕಿದೆವು, ಬೆಳ್ಳಿ ಬಟ್ಟಲು ಯಾರದು, ಸೀರೆ ಯಾರದು, ಎಲ್ಲ. ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಆ ಪುಸ್ತಕ ಇರದಿದ್ದರೆ ಊರಿನಲ್ಲಿ ಎಷ್ಟು ಜನರ ಕೈಲಿ ಮಾತು ಕೇಳಬೇಕಿತ್ತೋ. ಮುಯ್ಯಿ ಮರೆತವರನ್ನು ನಮ್ಮ ಕಡೆ ಸುಲಭಕ್ಕೆ ಬಿಡುವುದಿಲ್ಲ.

ಮಲ್ಲಿಗೆ ದಂಡೆ

ಈಗ ಮದುವೆ ಮಂಟಪದಲ್ಲೇ ಯುಪಿಐ ಕ್ಯೂಆರ್ ಇಡುತ್ತಾರೆ. ಮುಯ್ಯಿ ಪುಸ್ತಕ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ. ಜಗಳಕ್ಕೆ ವಾಟ್ಸ್ಯಾಪ್ ಇದೆ. "ನೀನೇ ಹೇಳಿದ್ದು" ಅಂದರೆ ಸ್ಕ್ರೀನ್‌ಶಾಟ್ ತೋರಿಸಿದರಾಯಿತು. ಇನ್ನು ನೆನಪು ಯಾಕೆ ಬೇಕು?

ಪಡುವಣ ಗಾಳಿ

ಒಮ್ಮೆ ತೋರಿಸಿ ನೋಡಿ, ಆ ವಾರ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ ಅಂತ ಆಮೇಲೆ ಹೇಳಿ.

ತುಂಗಾತೀರ

ಅಡುಗೆ ಅಂದಿದ್ದಕ್ಕೆ ನೆನಪಾಯಿತು. ರಾಸ್ ಮತ್ತು ಸಿಕೊಲಿ 1979ರಲ್ಲಿ ದಂಪತಿಗಳನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು? ಇಬ್ಬರ ಉತ್ತರವನ್ನೂ ಕೂಡಿಸಿದರೆ ಇರುವ ಕೆಲಸಕ್ಕಿಂತ ಜಾಸ್ತಿ ಬರುತ್ತಿತ್ತು. ಜಗಳ ಶುರುಮಾಡುವವರು ಯಾರು ಅನ್ನುವುದರಲ್ಲೂ ಹಾಗೇ, ತಮ್ಮ ಪಾಲನ್ನೇ ಜಾಸ್ತಿ ಹೇಳಿಕೊಂಡರು. ಹೊಗಳಿಕೆಯ ಆಸೆಯೊಂದೇ ಅಲ್ಲ, ನಾವು ಮಾಡಿದ್ದು ನಮ್ಮ ಮನಸ್ಸಿಗೆ ಸುಲಭವಾಗಿ ಬರುತ್ತದೆ.

ನ್ಯೂಜೆರ್ಸಿ ರಾಗಿಮುದ್ದೆ

ಇಲ್ಲಿ ಬೆಳೆಯುವ ಮಕ್ಕಳಿಗೆ ಊರಿನ ಕಥೆ ನೆನಪಿರುವಂತೆ ಮಾಡುವುದು ಹೇಗೆ? ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ, ಸ್ಕೂಲ್ ಹೇಗಿದೆ" ಅಂತಾರೆ. ಮಗ "ಹೂಂ" ಅಂತಾನೆ. ಅಷ್ಟಕ್ಕೇ ಮುಗಿಯುತ್ತದೆ.

ತುಂಗಾತೀರ

ಪ್ರಶ್ನೆಯ ರೀತಿ ಬದಲಿಸಿ. ರಾಬಿನ್ ಫೈವುಷ್ ಅನ್ನುವವರು ತಾಯಿ ಮಕ್ಕಳ ಮಾತನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. "ನೆನಪಿದ್ಯಾ?" ಅಂತ ಹೌದು ಇಲ್ಲ ಪ್ರಶ್ನೆ ಕೇಳುವ ಮನೆಗಿಂತ, "ಅಲ್ಲಿ ಯಾರು ಯಾರಿದ್ದರು? ಆಮೇಲೆ ಏನಾಯಿತು? ನಿನಗೆ ಭಯ ಆಯ್ತಾ?" ಅಂತ ಕೂಡಿ ಕಥೆ ಕಟ್ಟುವ ಮನೆಯ ಮಕ್ಕಳು ತಮ್ಮ ನೆನಪನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ. ಅಜ್ಜಿಗೆ ಹೇಳಿ, "ನಿಮ್ಮಪ್ಪ ಒಮ್ಮೆ ಮಾವಿನ ಮರದಿಂದ ಬಿದ್ದಾಗ..." ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಲಿ.

ಕಿತ್ತೂರ ಕಡೆಯವ

ಕೊನೆಗೆ ನಂದೊಂದು. ಮಾತಿನ ನಡುವೆ ನೆನಪು ಕೈಕೊಡುತ್ತದೆ ಅಂತೀರಿ. ಶತಾವಧಾನಿ ಆರ್. ಗಣೇಶ ಅವರ ಅಷ್ಟಾವಧಾನ ನೋಡಿದವರು ಯಾರಾದರೂ ಇದ್ದೀರಾ? ಒಬ್ಬರು ಪದ್ಯಕ್ಕೆ ಸಮಸ್ಯೆ ಕೊಡುತ್ತಾರೆ, ಒಬ್ಬರು ಈ ಅಕ್ಷರ ಬಳಸಬಾರದು ಅಂತ ತಡೆಯುತ್ತಾರೆ, ಇನ್ನೊಬ್ಬರು ಅಡ್ಡ ಮಾತಾಡಿ ಗಮನ ಕೆಡಿಸುತ್ತಾರೆ. ಕಾಗದ ಇಲ್ಲ, ಪೆನ್ನಿಲ್ಲ. ಅಲ್ಲಿ ಯಾಕೆ ಮರೆಯೋದಿಲ್ಲ?

ಸಂಜೆಯ ವಾಕಿಂಗ್

ನೋಡಿದ್ದೇನೆ. ಆ ಅಡ್ಡ ಮಾತಾಡುವವರನ್ನು ಅಪ್ರಸ್ತುತ ಪ್ರಸಂಗಿ ಅಂತಾರೆ. ಯಾವಾಗ ಬೇಕಾದರೂ ಬಾಯಿ ಹಾಕುವ ಹಕ್ಕು ಅವರಿಗೆ. ಸಭೆ ನಗುತ್ತಿರುತ್ತದೆ, ಅವಧಾನಿಗಳು ಅವರಿಗೂ ಉತ್ತರ ಕೊಡುತ್ತಾರೆ. ಪದ್ಯವನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ. ಸುತ್ತಿಗೆ ಒಂದೊಂದು ಸಾಲು ಹೇಳುತ್ತಾ ಹೋಗಿ, ಕೊನೆಯಲ್ಲಿ ಧಾರಣೆ ಅಂತ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸುತ್ತಾರೆ.

ತುಂಗಾತೀರ

ಅವರ ಪ್ರತಿಭೆಗೆ ವಿವರಣೆ ಕೊಡುವ ಧೈರ್ಯ ನನಗಿಲ್ಲ. ಎರಡು ಮಾತ್ರ ಗಮನಿಸಬಹುದು. ಅಲ್ಲಿ ಎಲ್ಲವೂ ಛಂದಸ್ಸಿನಲ್ಲಿದೆ. ಸಾಲು ಮರೆತರೆ ಛಂದಸ್ಸು, ಪ್ರಾಸ ಎರಡೂ ಸುಳಿವು ಕೊಡುತ್ತವೆ, ತಪ್ಪು ಪದ ಅಲ್ಲಿ ಕೂರುವುದೇ ಇಲ್ಲ. ನಮ್ಮ ಮನೆಯ ಮಾತಿಗೆ ಆ ಚೌಕಟ್ಟು ಇಲ್ಲ. ಎರಡನೆಯದು, ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಒಂದೊಂದು ಜಾಗದಲ್ಲಿ ಕೂತಿರುತ್ತಾರೆ, ಒಬ್ಬೊಬ್ಬರದು ಒಂದೊಂದು ವಿಭಾಗ. ಯಾವ ಪದ್ಯ ಯಾರಿಗೆ ಸೇರಬೇಕು ಅನ್ನುವುದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಬೆಣ್ಣೆದೋಸೆ

ಫೋಟೋ ಸಿಕ್ಕಿತು. ಅಂಗಿ ಬಿಳಿ ಇದೆ. ಆದರೆ ಅದು ಮರುದಿನದ ಫೋಟೋ ಇರಬೇಕು, ಖಂಡಿತ.